ಓಬವ್ವನ ಕಿಂಡಿ: ತೆರೆಯ ಮೇಲೆ, ಕಲ್ಲಿನ ಮೇಲೆ

ಕನ್ನಡದಲ್ಲಿ ಐತಿಹಾಸಿಕ ಚಿತ್ರಗಳಿಗೆ ಬರವಿಲ್ಲ. ‘ರಣಧೀರ ಕಂಠೀರವ’ 1960ರಲ್ಲಿ ಬಂದಿತು. ಮರುವರ್ಷ ‘ಕಿತ್ತೂರು ಚೆನ್ನಮ್ಮ’, 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀ ಕೃಷ್ಣದೇವರಾಯ’, 1975ರಲ್ಲಿ ‘ಮಯೂರ’. ಕಿರೀಟ, ಕತ್ತಿ, ಸಿಂಹಾಸನಗಳ ಕಲ್ಪನೆ ನಮ್ಮ ತಲೆಮಾರಿನವರಿಗೆ ಬಂದದ್ದು ಪಠ್ಯಪುಸ್ತಕಗಳಿಗಿಂತ ಹೆಚ್ಚಾಗಿ ಇವುಗಳಿಂದಲೇ. ಆದರೆ ಇಂದು ವಾದಿ ಕಬೀರಿನ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳನ್ನು, ಕರ್ನಾಟಕದ ಚರಿತ್ರೆಯ ಒಂದು ದೃಶ್ಯವನ್ನು ವರ್ಣಿಸಿರೆಂದು ಕೇಳಿ ನೋಡಿ. ಅವರು ಹೇಳುವುದು ಈ ಯಾವ ಚಿತ್ರದ ದೃಶ್ಯವನ್ನೂ ಅಲ್ಲ. ಐತಿಹಾಸಿಕ ಚಿತ್ರವೇ ಅಲ್ಲದ ‘ನಾಗರಹಾವು’ ಚಿತ್ರದ ನಡುವೆ, ಒಂದು ಹಾಡಿನಷ್ಟು ಹೊತ್ತು ಬಂದುಹೋಗುವ ಒನಕೆ ಓಬವ್ವನ ಕಥೆಯನ್ನು ಅವರು ಹೇಳುತ್ತಾರೆ. ಅಭಿನಯಿಸಿಯೂ ತೋರಿಸುತ್ತಾರೆ.

ಇದೇಕೆ ಹೀಗೆ ಎಂದು ನಾವು ಬಹಳ ಸಲ ಚರ್ಚಿಸಿದ್ದೇವೆ. ಒಂದು ಕಾರಣ ಸ್ಪಷ್ಟವಾಗಿಯೇ ಇದೆ. ಆ ಕಾಲದ ಕನ್ನಡ ಚಿತ್ರಗಳ ಅರಮನೆಗಳೂ ಕೋಟೆಗಳೂ ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳಲ್ಲಿ ಮರ, ಬಟ್ಟೆ, ಬಣ್ಣಗಳಿಂದ ನಿರ್ಮಾಣವಾಗುತ್ತಿದ್ದವು. ಚಿತ್ರೀಕರಣ ಮುಗಿದೊಡನೆ ಅವು ಕಳಚಿಬೀಳುತ್ತಿದ್ದವು. ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ಮಾಡುವಾಗ ತಮ್ಮ ತಂಡವನ್ನು ಚಿತ್ರದುರ್ಗಕ್ಕೇ ಕರೆದೊಯ್ದರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಆ ಚಿತ್ರದ ಕಥೆ ರಾಮಾಚಾರಿ ಎಂಬ ಮುಂಗೋಪಿ ಹುಡುಗನದು, ಚಾಮಯ್ಯ ಮೇಷ್ಟ್ರದು; ಅಂದರೆ ಅವರ ಕಾಲದ ವರ್ತಮಾನದ್ದು. ಅದರ ಮಧ್ಯದಲ್ಲಿ ಕೋಟೆಯ ಕಲ್ಲುಗಳು ಒಮ್ಮೆಲೇ ಎರಡು ಶತಮಾನ ಹಿಂದಕ್ಕೆ ಹೋಗಿಬಿಡುತ್ತವೆ. ಪಿ.ಬಿ. ಶ್ರೀನಿವಾಸರ ಕಂಠ, ವಿಜಯಭಾಸ್ಕರರ ಸಂಗೀತ, ಓಬವ್ವನಾಗಿ ಜಯಂತಿ. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂಬ ಹೆಸರೇ ಇತ್ತು. ‘ಕರ್ನಾಟಕ’ವೆಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ಆ ಹಾಡನ್ನು ಮೊದಲು ಕೇಳಿದ ಪ್ರೇಕ್ಷಕರ ಮನಸ್ಸು ಯಾವ ಹದದಲ್ಲಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಹಾಡಿನ ಕಥೆ ಎಲ್ಲರಿಗೂ ತಿಳಿದದ್ದೇ. ಕೋಟೆಯ ಕಾವಲುಗಾರ ಊಟಕ್ಕೆಂದು ಮನೆಗೆ ಬರುತ್ತಾನೆ. ಕುಡಿಯಲು ನೀರಿಲ್ಲ. ಹೆಂಡತಿ ಕೊಡ ಹಿಡಿದು ನೀರಿಗೆ ಹೋಗುತ್ತಾಳೆ. ಬಂಡೆಯ ಕಿಂಡಿಯೊಂದರಿಂದ ಹೈದರಾಲಿಯ ಸೈನಿಕರು ನುಸುಳಿ ಬರುತ್ತಿರುವುದು ಅವಳಿಗೆ ಕಾಣುತ್ತದೆ. ಗಂಡನ ಊಟಕ್ಕೆ ಭಂಗ ತರದೆ ಒನಕೆಯನ್ನು ಹಿಡಿದು ಬಂದು, ತಲೆ ಹೊರಚಾಚಿದವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾಳೆ. ಹೆಣಗಳನ್ನು ಎಳೆದು ಪಕ್ಕಕ್ಕೆ ಹಾಕುತ್ತಾಳೆ. ಕೊನೆ ಮಾತ್ರ ಹೇಳುವವರ ಬಾಯಲ್ಲಿ ಒಂದೊಂದು ಬಗೆ. ಹಿಂದಿನಿಂದ ಬಂದ ಶತ್ರುವೊಬ್ಬ ಇರಿದನೆಂದು ಕೆಲವರು, ತಾನೇ ಕೊಂದವರ ರಾಶಿಯನ್ನು ಕಂಡ ಆಘಾತದಿಂದ ಪ್ರಾಣ ಬಿಟ್ಟಳೆಂದು ಇನ್ನು ಕೆಲವರು. ಅರಸರ ವಂಶಾವಳಿಗಿಂತ ಜನರ ನಾಲಗೆಯನ್ನೇ ನೆಚ್ಚಿ ಉಳಿದುಬಂದ ಕಥೆಯಿದು. ಹೇಳಿದವರ ಕೈಗುರುತು ಅದರ ಮೇಲೆ ಇದ್ದೇ ಇರುತ್ತದೆ.

ನಮ್ಮ ಮಕ್ಕಳು ಒಂದು ರಾಜ್ಯೋತ್ಸವದಲ್ಲಿ ಈ ಹಾಡಿಗೆ ರೂಪಕ ಮಾಡಲು ನಿಶ್ಚಯಿಸಿದಾಗ ಎದುರಾದ ಮೊದಲ ತೊಡಕು ಒನಕೆಯದು. ಮಕ್ಕಳಲ್ಲಿ ಒಬ್ಬರೂ ಒನಕೆಯನ್ನು ಕಂಡಿರಲಿಲ್ಲ. ಅದು ಕ್ರಿಕೆಟ್ ಬ್ಯಾಟಿನಂತೆ ಇರುತ್ತದೆಯೇ, ಗದೆಯಂತೆಯೇ ಎಂದು ಕೇಳಿದರು. ಭತ್ತ ಕುಟ್ಟುವುದೆಂದರೇನು ಎಂಬಲ್ಲಿಂದ ವಿವರಣೆ ಆರಂಭವಾಗಬೇಕಾಯಿತು. ಕೊನೆಗೆ ವಾದಿ ಕಬೀರಿನ ಕೈಗಾರಿಕಾ ಪ್ರದೇಶದ ಒಂದು ಬಡಗಿ ಅಂಗಡಿಗೆ ಹೋಗಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆವು. ಕೇರಳದ ಆ ಬಡಗಿ ಚಿತ್ರವನ್ನು ಒಂದು ಕ್ಷಣ ನೋಡಿ, “ಉಲಕ್ಕ!” ಎಂದು ನಕ್ಕರು. ತಮ್ಮ ಅಮ್ಮನ ಮನೆಯ ಹಿತ್ತಲಿನಲ್ಲಿ ಅದು ಈಗಲೂ ಇದೆಯೆಂದರು. ಬಾಗಿಲ ಚೌಕಟ್ಟಿಗೆಂದು ತಂದಿಟ್ಟಿದ್ದ ಮರದಿಂದ, ಮಕ್ಕಳು ಎತ್ತಬಲ್ಲಷ್ಟು ಹಗುರವಾದ ಒಂದು ಒನಕೆಯನ್ನು ಅರ್ಧ ಗಂಟೆಯಲ್ಲಿ ಕಡೆದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡನೆಯ ತೊಡಕು ಬಡಗಿಯಿಂದ ಬಗೆಹರಿಯುವಂಥದಲ್ಲ. ಹೈದರನ ಸೈನಿಕರ ಪಾತ್ರಕ್ಕೆ ಬೇಕಾಗಿದ್ದ ಅರ್ಹತೆ ಒಂದೇ: ರಟ್ಟಿನ ಕಿಂಡಿಯೊಳಗೆ ತೆವಳುವಷ್ಟು ಪುಟ್ಟ ದೇಹ. ಹಾಗಾಗಿ ಎಲ್ಲ ಮನೆಗಳ ಚಿಕ್ಕ ಹುಡುಗರೂ ಸೈನಿಕರಾದರು. ಅವರಲ್ಲೊಬ್ಬ ದಾವಣಗೆರೆ ಮೂಲದ, ನಮ್ಮ ಸಂಘದ ಹಳೆಯ ಮುಸ್ಲಿಂ ಕುಟುಂಬದ ಹುಡುಗ, ಮೂರನೆಯ ತರಗತಿ. ತಾಲೀಮಿನ ಎರಡನೆಯ ದಿನ ಮನೆಗೆ ಹೋಗುವ ದಾರಿಯಲ್ಲಿ ಅವನು ತಾಯಿಯನ್ನು ಕೇಳಿದನಂತೆ: “ಅಮ್ಮೀ, ಈ ಹಾಡಿನಲ್ಲಿ ನಾವು ಯಾರ ಕಡೆಯವರು?” ಬೇರೆ ಹುಡುಗರಾರಿಗೂ ಹೊಳೆಯದ ಪ್ರಶ್ನೆ ಅವನಿಗೇ ಏಕೆ ಹೊಳೆಯಿತೆಂದು ಅವರು ನಮ್ಮನ್ನು ಕೇಳಲಿಲ್ಲ. ಹೇಳಿ ಸುಮ್ಮನಾದರು. ತಾವು ಮಗನಿಗೆ ಕೊಟ್ಟ ಉತ್ತರವನ್ನೂ ಹೇಳಿದರು: “ನಿಮ್ಮ ಅಬ್ಬಾ ಹುಟ್ಟಿದಾಗ ನಮ್ಮ ಊರು ದುರ್ಗದ ಜಿಲ್ಲೆಗೇ ಸೇರಿತ್ತು. ನಾವು ದುರ್ಗದವರೇ.” ಅದು ನಿಜವೇ; ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಆ ಬೇಸಿಗೆಯ ರಜೆಯಲ್ಲಿ ಮೂರು ಕುಟುಂಬಗಳು, ಆ ಹುಡುಗನ ಮನೆಯವರೂ ಸೇರಿ, ಚಿತ್ರದುರ್ಗಕ್ಕೆ ಹೋದೆವು. ಮಸ್ಕತ್ತಿನಿಂದ ಬೆಂಗಳೂರಿಗೆ ಸುಮಾರು ಮೂರು ಗಂಟೆಯ ವಿಮಾನ. ಅಲ್ಲಿಂದ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರಿನಷ್ಟು ದಾರಿ. ಚಿತ್ರ ನೋಡಿ ಬೆಳೆದ ನಮಗೆ ಚಿತ್ರೀಕರಣದ ಜಾಗವನ್ನು ಕಾಣುವ ಹಂಬಲ; ಮಕ್ಕಳಿಗೆ ‘ನಿಜವಾದ ಕಿಂಡಿ’ಯೊಳಗೆ ತೆವಳುವ ಆತುರ.

ಬೆಟ್ಟಗಳಿಗೆ ನಮ್ಮ ಮಕ್ಕಳು ಹೊಸಬರಲ್ಲ. ‘ವಾದಿ ಕಬೀರ್’ ಎಂದರೆ ದೊಡ್ಡ ಹಳ್ಳವೆಂದೇ ಅರ್ಥ. ಸುತ್ತಲೂ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳ ನಡುವೆ ನಮ್ಮ ಕಟ್ಟಡಗಳಿವೆ. ಮಸ್ಕತ್ತಿನ ಈ ಬೆಟ್ಟಗಳು ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅವು ಮುರಿದು ಚೂಪಾಗಿ ನಿಂತಿವೆ. ದುರ್ಗದ ಬಂಡೆಗಳ ಸ್ವಭಾವವೇ ಬೇರೆ. ಅವು ಉರುಟಾಗಿ, ಒಂದರ ಮೇಲೊಂದು ಯಾರೋ ಇಟ್ಟುಹೋದಂತೆ ಕುಳಿತಿವೆ. ಅವುಗಳ ನಡುವಿನ ಸಂದಿಗಳನ್ನು ಕಂಡೊಡನೆ, ಇಂಥ ಕೋಟೆಗೆ ಕಿಂಡಿಯ ಕಥೆ ಹುಟ್ಟದಿದ್ದರೇ ಆಶ್ಚರ್ಯವೆಂದು ನಮಗೆ ಅನ್ನಿಸಿತು. ಕೋಟೆ ಕಟ್ಟಿದವರು ಬೆಟ್ಟವನ್ನು ಕಡಿದು ಸಮಮಾಡಲಿಲ್ಲ. ಬಂಡೆ ಇದ್ದಲ್ಲಿ ಬಂಡೆಯೇ ಗೋಡೆ. ಇಲ್ಲದಲ್ಲಿ ಮಾತ್ರ ಕಲ್ಲು ಜೋಡಿಸಿದರು. ಗೋಡೆಗೆ ಬಿರುಕಿದ್ದರೆ ಮುಚ್ಚಬಹುದು. ಬೆಟ್ಟದ ಬಿರುಕುಗಳನ್ನೆಲ್ಲ ಎಣಿಸಿ ಮುಚ್ಚುವುದು ಯಾರಿಗೆ ಸಾಧ್ಯ?

ಏಳು ಸುತ್ತಿನ ಕೋಟೆಯೆಂದು ಹೆಸರಾದ ಇದಕ್ಕೆ 19 ಹೆಬ್ಬಾಗಿಲುಗಳೂ 38 ದಿಡ್ಡಿ ಬಾಗಿಲುಗಳೂ ಇದ್ದವೆಂಬುದು ಪ್ರಸಿದ್ಧ ಲೆಕ್ಕ. ನಾವು ಎಣಿಸಲು ಹೋಗಲಿಲ್ಲ. ದಾರಿ ನೇರವಾಗಿ ಎಲ್ಲಿಯೂ ಹೋಗುವುದಿಲ್ಲ. ಪ್ರತಿ ಬಾಗಿಲಿನ ಮುಂದೆಯೂ ತಿರುವು. ಆನೆಯೂ ದಿಮ್ಮಿಯೂ ಓಡಿಬಂದು ಬಾಗಿಲಿಗೆ ಗುದ್ದದಂತೆ ಮಾಡಿದ ಉಪಾಯವದು. ಮದ್ದು ಅರೆಯುವ ನಾಲ್ಕು ಬೃಹತ್ ಬೀಸುಕಲ್ಲುಗಳ ಗುಂಡಿಯ ಬಳಿ ಮಕ್ಕಳು ಬಹಳ ಹೊತ್ತು ನಿಂತರು. ಏಕನಾಥೇಶ್ವರಿಯ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಅಕ್ಕ-ತಂಗಿಯರ ಹೊಂಡ, ಎಲ್ಲವನ್ನೂ ನೋಡಿದೆವು. ಅರಮನೆಯ ಅವಶೇಷವೆಂದು ಈಗ ಉಳಿದಿರುವುದು ಮಳೆಯಲ್ಲಿ ಕರಗುತ್ತಿರುವ ಮಣ್ಣಿನ ಗೋಡೆಗಳು. ಸಿನಿಮಾದ ಅರಮನೆಗಳನ್ನು ನೋಡಿ ಬಂದ ಒಬ್ಬಳು ಹುಡುಗಿ, “ರಾಜ ಇಷ್ಟು ಬಡವನಾ?” ಎಂದು ಕೇಳಿದಳು.

ಮುಖ್ಯ ದಾರಿಯಿಂದ ಪಕ್ಕಕ್ಕೆ ಸರಿದು ಇಳಿದರೆ ಕಿಂಡಿ. ಅಲ್ಲಿ ದೊಡ್ಡ ವೈಭವವೇನೂ ಇಲ್ಲ. ತೆರೆಯ ಮೇಲೆ ಇಡೀ ಚೌಕಟ್ಟನ್ನು ತುಂಬಿದ್ದ ಆ ಜಾಗ, ಎದುರಿಗೆ ನಿಂತಾಗ ಒಬ್ಬ ಮನುಷ್ಯ ಮಾತ್ರ ಬಗ್ಗಿ ತೆವಳಿ ದಾಟಬಹುದಾದ ಒಂದು ಸಂದಿ. ಹುಡುಗನೊಬ್ಬ ಮೊಬೈಲಿನಲ್ಲಿ ಹಾಡನ್ನು ಹಾಕಿ, ಪರದೆಯನ್ನು ಕಣ್ಣಿನ ನೇರಕ್ಕೆ ಹಿಡಿದು, ಯಾವ ಬಂಡೆ ಯಾವುದೆಂದು ಹೊಂದಿಸಲು ತೊಡಗಿದ. ಕ್ಯಾಮೆರಾ ಎಲ್ಲಿ ಇಟ್ಟಿದ್ದರು, ಜಯಂತಿಯವರು ಎಲ್ಲಿ ನಿಂತಿದ್ದರು ಎಂದು ದೊಡ್ಡವರಲ್ಲೂ ವಾದ ನಡೆಯಿತು. ಈ ಇಕ್ಕಟ್ಟಿನಲ್ಲಿ ಆ ಕಾಲದ ಭಾರವಾದ ಕ್ಯಾಮೆರಾ, ದೀಪ, ಬೆಳಕು ಪ್ರತಿಫಲಿಸುವ ಹಲಗೆಗಳು, ಮೇಲೆ ಬಿಸಿಲು. ಸ್ಟುಡಿಯೋದಲ್ಲಿ ರಟ್ಟಿನ ಕಿಂಡಿ ಮಾಡುವುದು ಎಷ್ಟು ಸುಲಭವಾಗಿತ್ತು! ನಾವೂ ಅದನ್ನೇ ತಾನೆ ಮಾಡಿದ್ದು.

ಚಿತ್ರದಲ್ಲಿ ಒಂದು ಕ್ಷಣ ಬಂದು ಮರೆಯಾಗುವ ಸಂಗತಿಯೊಂದು ಸ್ಥಳದಲ್ಲಿ ದೊಡ್ಡದಾಗುತ್ತದೆ. ಅದು ನೀರು. ಕಿಂಡಿಯ ಸಮೀಪದಲ್ಲೇ ‘ತಣ್ಣೀರು ದೋಣಿ’ ಇದೆ. ಬಂಡೆಗಳ ನೆರಳಿನಲ್ಲಿ ತಣ್ಣಗೆ ನಿಂತ ಸಣ್ಣ ನೀರಿನ ತಾಣ. ಬೆಟ್ಟದ ಮೇಲಿನ ಕೋಟೆಗೆ ಮುತ್ತಿಗೆ ಬಿದ್ದಾಗ ಗೋಡೆಗಿಂತ ಮುಖ್ಯವಾದದ್ದು ನೀರು. ದುರ್ಗದವರು ಮಳೆನೀರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಸಿ ಕೂಡಿಟ್ಟ ಬಗೆಯನ್ನು ಕಂಡ ಮೇಲೆ, ಓಬವ್ವ ನೀರಿಗೆ ಹೋದದ್ದು ಕಥೆಯ ನೆಪವಲ್ಲ, ಆ ಬದುಕಿನ ದಿನಚರಿ ಎಂಬುದು ಮನಸ್ಸಿಗೆ ಹೊಳೆಯುತ್ತದೆ. ಶತ್ರುವನ್ನು ಮೊದಲು ಕಂಡದ್ದು ಕಾವಲಿನ ಗೋಪುರದಿಂದಲ್ಲ. ನೀರು ತರುವವಳ ಕಣ್ಣಿನಿಂದ. ಫಲಜಿನ ನೀರನ್ನು ಸರದಿ ಲೆಕ್ಕದಲ್ಲಿ ಹಂಚಿಕೊಳ್ಳುವ ಒಮಾನಿನ ಹಳ್ಳಿಗಳನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಕ್ಕಳಿಗೂ ಒಮಾನಿನ ನೆನಪೇ ಬಂದಿತು. ಶಾಲೆಯ ಪ್ರವಾಸದಲ್ಲಿ ನಿಜ್ವಾ ಕೋಟೆಯನ್ನು ನೋಡಿಬಂದವರು ಅವರು. ಹದಿನೇಳನೆಯ ಶತಮಾನದ ಆ ಕೋಟೆಯ ಬಾಗಿಲುಗಳ ಮೇಲೆ ರಂಧ್ರಗಳಿವೆ; ಒಳನುಗ್ಗುವವರ ಮೇಲೆ ಕುದಿಯುವ ಖರ್ಜೂರದ ಪಾಕವನ್ನು ಅಲ್ಲಿಂದ ಸುರಿಯುತ್ತಿದ್ದರು. “ಇವರಿಗೂ ಪಾಕ ಸುರಿಯಬಹುದಿತ್ತಲ್ಲ, ಆಂಟಿ?” ಎಂದು ಒಬ್ಬಳು ಕೇಳಿದಳು. ದುರ್ಗದಲ್ಲಿ ಖರ್ಜೂರ ಎಲ್ಲಿಂದ ಬರಬೇಕೆಂದು ಇನ್ನೊಬ್ಬ ಮರುಪ್ರಶ್ನೆ ಹಾಕಿದ. ಬೆಲ್ಲ ಇತ್ತಲ್ಲ ಎಂದು ಮೂರನೆಯವಳು.

ದಾವಣಗೆರೆಯ ಹುಡುಗ ಇದಾವುದಕ್ಕೂ ಕಿವಿಗೊಡದೆ ಕಿಂಡಿಯ ಆಚೆಗೆ ಹೋಗಿದ್ದ. ಆಚೆಯಿಂದ ಈಚೆಗೆ ತೆವಳಿ ಬಂದ. ಈಚೆ ನೀರಿನ ಬಾಟಲಿಯನ್ನು ಒನಕೆಯಂತೆ ಎತ್ತಿ ಹಿಡಿದು ನಿಂತಿದ್ದ ಹುಡುಗಿ ರೂಢಿಯಂತೆ ಅವನ ತಲೆಗೆ ತಟ್ಟಿದಳು. ಅವನು ರೂಢಿಯಂತೆ ಸತ್ತುಬಿದ್ದ. ಆಮೇಲೆ ಮಣ್ಣು ಕೊಡವಿಕೊಂಡು ಎದ್ದವನು ಹೇಳಿದ ಮಾತು ನಮಗೆ ನೆನಪಿನಲ್ಲಿ ಉಳಿದಿದೆ: “ಒಳಗಡೆ ತುಂಬಾ ಕತ್ತಲೆ. ಮುಂದೆ ಏನಿದೆ ಅಂತ ಏನೂ ಕಾಣಲ್ಲ. ಮೊದಲು ಬಂದವನಿಗೆ ಭಯ ಆಗಿರುತ್ತೆ.” ಅಷ್ಟು ಸಲ ಆ ಹಾಡನ್ನು ನೋಡಿದ ನಮ್ಮಲ್ಲಿ ಯಾರೂ ಆಚೆಯ ಬದಿಯಿಂದ ಅದನ್ನು ನೋಡಿರಲಿಲ್ಲ. ಕ್ಯಾಮೆರಾ ಇದ್ದದ್ದು ಓಬವ್ವನ ಬದಿಯಲ್ಲಿ. ಇರಬೇಕಾದದ್ದೂ ಅಲ್ಲಿಯೇ ಎಂದು ನಾವು ಈಗಲೂ ನಂಬುತ್ತೇವೆ. ಆದರೂ ಅವನ ಪ್ರಶ್ನೆಗೆ ‘ನಾವು ದುರ್ಗದವರೇ’ ಎಂಬುದಕ್ಕಿಂತ ತುಸು ಉದ್ದವಾದ ಉತ್ತರವನ್ನು ಕೊಡುವುದು ದೊಡ್ಡವರ ಕರ್ತವ್ಯವೆಂದು ತೋರಿತು. ಅಂದು ಸಂಜೆ ಹುಡುಗನ ತಂದೆಯೂ ನಾವೂ ಸೇರಿ ಅದನ್ನು ಮಕ್ಕಳಿಗೆ ಹೇಳಿದೆವು. ಇಲ್ಲಿಯೂ ಬರೆಯುತ್ತೇವೆ.

ಹೈದರಾಲಿಗೂ ದುರ್ಗಕ್ಕೂ ಹಗೆತನ ಹುಟ್ಟಿನಿಂದ ಬಂದದ್ದಲ್ಲ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ದಂಡೆತ್ತಿ ಹೋದಾಗ ಇದೇ ಮದಕರಿ ನಾಯಕ ಅವನ ಪಕ್ಷದಲ್ಲಿದ್ದ. ಮುಂದೆ ಮೈಸೂರು, ಮರಾಠರು ಎಂಬ ಎರಡು ಬಲಗಳ ನಡುವೆ ಸಿಕ್ಕಿದ ಸಣ್ಣ ಸಂಸ್ಥಾನ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿತು. ಮುತ್ತಿಗೆಗಳಾದವು, 1779ರಲ್ಲಿ ಕೋಟೆ ಬಿದ್ದಿತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ದುರ್ಗದ ಬೇಡರ ಕುಟುಂಬಗಳನ್ನು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೇ ಸಾಗಿಸಿದರು. ಮಕ್ಕಳ ಮನಸ್ಸು ನೋಯುತ್ತದೆಂದು ಈ ಮಾತನ್ನು ಮರೆಮಾಡುವುದು ನ್ಯಾಯವಲ್ಲ. ಹಾಗೆಯೇ ನಾಯಕನ ಸೈನ್ಯದಲ್ಲಿ ಮುಸಲ್ಮಾನರಿದ್ದರು, ಹೈದರನ ಸೈನ್ಯದಲ್ಲಿ ಎಲ್ಲ ಮತದವರೂ ಇದ್ದರು ಎಂಬುದನ್ನು ಮರೆಮಾಡುವುದೂ ನ್ಯಾಯವಲ್ಲ. ಕಿಂಡಿಯಲ್ಲಿ ತೆವಳಿ ಬಂದವರ ಹೆಸರನ್ನು ಕಥೆ ಹೇಳುವುದಿಲ್ಲ. ಅವರಲ್ಲಿ ಯಾರು ಯಾವ ದೇವರನ್ನು ನೆನೆಯುತ್ತಿದ್ದರೋ! ನಾವಿಂದು ಏಳು ಸುತ್ತಿನ ಕೋಟೆಯೆಂದು ಹೆಮ್ಮೆಪಡುವ ಕಟ್ಟಡವನ್ನು ನಾಯಕರ ತರುವಾಯ ಬಲಪಡಿಸಿ ವಿಸ್ತರಿಸಿದವರು ಹೈದರ್ ಮತ್ತು ಟಿಪ್ಪು. ನಾವು ಹತ್ತಿಬಂದ ಕಲ್ಲುಗಳಲ್ಲಿ ಎರಡೂ ಕಡೆಯವರ ದುಡಿಮೆಯಿದೆ.

ಇನ್ನೊಂದು ಸಂಗತಿ ಮಸ್ಕತ್ತಿನವರಾದ ನಮಗೆ ವಿಶೇಷವಾದದ್ದು. ಬಿದನೂರು ಗೆದ್ದುದರಿಂದ ಮೈಸೂರಿಗೆ ಮಂಗಳೂರು ಬಂದರು ದಕ್ಕಿತು. ಮಂಗಳೂರಿನ ಅಕ್ಕಿಗೆ ಮಸ್ಕತ್ತು ಹಳೆಯ ಗಿರಾಕಿ. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ವ್ಯಾಪಾರದ ಕೋಠಿಯೊಂದು ಮಸ್ಕತ್ತಿನಲ್ಲೇ ಇತ್ತು. ಶ್ರೀಗಂಧ, ಕಾಳುಮೆಣಸು, ಏಲಕ್ಕಿ, ಅಕ್ಕಿ ಇಲ್ಲಿಗೆ ಬಂದಿಳಿಯುತ್ತಿದ್ದವು. ನಾವು ಮತ್ರಾಹ್‌ನ ಸೂಕ್‌ನಲ್ಲಿ ಏಲಕ್ಕಿಯ ಚೌಕಾಸಿ ಮಾಡುವಾಗ ಇದನ್ನು ಜ್ಞಾಪಿಸಿಕೊಳ್ಳುವವರು ವಿರಳ. ದುರ್ಗದ ನಾಯಕ ನೆರವಾದ ಒಂದು ಯುದ್ಧ, ಆ ಯುದ್ಧದಿಂದ ದಕ್ಕಿದ ಒಂದು ಬಂದರು, ಆ ಬಂದರಿನಿಂದ ಮಸ್ಕತ್ತಿಗೆ ಹೊರಟ ಹಡಗು. ಹುಡುಗನಿಗೆ ಇದು ಬಹಳ ಹಿಡಿಸಿತು. “ಹಾಗಾದರೆ ನಮಗಿಂತ ಮೊದಲೇ ನಮ್ಮವರು ಮಸ್ಕತ್ತಿಗೆ ಬಂದಿದ್ದರು” ಎಂದ. ‘ನಮ್ಮವರು’ ಎಂದರೆ ಯಾರೆಂದು ನಾವು ಕೇಳಲಿಲ್ಲ.

ಓಬವ್ವನ ವಿಷಯದಲ್ಲಿ ಚಿತ್ರ ಮಾಡಿದ ಉಪಕಾರ ದೊಡ್ಡದು. ಅವಳು ರಾಣಿಯಲ್ಲ, ಛಲವಾದಿ ಸಮುದಾಯದ, ಕಾವಲುಗಾರನೊಬ್ಬನ ಹೆಂಡತಿ. ಶಾಸನ, ಸ್ಮಾರಕ, ಆಸ್ಥಾನಕವಿ, ಯಾವುದೂ ಅವಳ ಪಾಲಿಗೆ ಬರಲಿಲ್ಲ. ದುರ್ಗದ ಜನ ಒಂದು ಕಿಂಡಿಗೆ ಅವಳ ಹೆಸರಿಟ್ಟು ಕಾಪಾಡಿಕೊಂಡರು. ಪುಟ್ಟಣ್ಣನವರು ಆ ಕಿಂಡಿಯ ಮುಂದೆ ಕ್ಯಾಮೆರಾ ಇಟ್ಟು ಅವಳನ್ನು ಬೀದರಿನಿಂದ ಚಾಮರಾಜನಗರದವರೆಗೆ ಮನೆಮಾತಾಗಿಸಿದರು. ಇಂದು ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. 2018ರಲ್ಲಿ ಚಿತ್ರ ಹೊಸ ತಂತ್ರಜ್ಞಾನದೊಡನೆ ಮರುಬಿಡುಗಡೆಯಾದಾಗ ಅದನ್ನು ನೋಡಲು ಹೋದವರಲ್ಲಿ ಅದು ಮೊದಲು ಬಂದಾಗ ಹುಟ್ಟದೇ ಇದ್ದವರೂ ಸೇರಿದ್ದರು. (ತ.ರಾ.ಸು. ಅವರಿಗೆ ಮಾತ್ರ ಒಟ್ಟು ಚಿತ್ರ ಮೆಚ್ಚುಗೆಯಾಗಿರಲಿಲ್ಲ. ಕಾದಂಬರಿಕಾರರನ್ನು ತೃಪ್ತಿಪಡಿಸುವುದು ನಿರ್ದೇಶಕರಿಗೆ ಸುಲಭವಲ್ಲ. ದುರ್ಗದ ಕೊನೆಯ ದಿನಗಳನ್ನು ಅವರ ಕಣ್ಣಿನಿಂದಲೇ ಕಾಣಬೇಕೆನ್ನುವವರು ‘ದುರ್ಗಾಸ್ತಮಾನ’ವನ್ನು ಓದಬೇಕು, 1985ರಲ್ಲಿ, ಅವರು ತೀರಿಕೊಂಡ ಮೇಲೆ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.)

ಈ ರಜೆಗೆ ಹೋಗುವವರಿಗೆ ನಾಲ್ಕು ಮಾತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬೆಟ್ಟ ಹತ್ತಲು ತೊಡಗಿ. ಹತ್ತು ಗಂಟೆಯ ನಂತರ ಕಲ್ಲು ಕಾದು ಕಾಲಿಡಲಾಗದು. ನೀರು ಒಯ್ಯಿರಿ. ತಿಂಡಿಯ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಿರಲಿ. ಮೇಲಕ್ಕೆ ಹೋಗುವ ಹುರುಪಿನಲ್ಲಿ ಕಿಂಡಿಯ ಕಡೆಗೆ ತಿರುಗುವುದನ್ನು ಮರೆಯಬೇಡಿ. ಹಾಡನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡು ಹೋದರೆ ಬಂಡೆಗಳನ್ನು ಹೊಂದಿಸುವ ವಾದಕ್ಕೆ ಒಂದು ಗಂಟೆಯಾದರೂ ಸಾಲದು.

ಒನಕೆಯ ವಿಚಾರ ಉಳಿಯಿತು. ಹಿಂದಿರುಗುವ ಮುನ್ನ, ದಾವಣಗೆರೆಯ ಹುಡುಗನ ಅಜ್ಜಿಯ ಮನೆಯಲ್ಲಿ ಒಂದು ಹಳೆಯ ಒನಕೆ ಸಿಕ್ಕಿತು. ಹಿಡಿಯುವ ಜಾಗ ಸವೆದು ನುಣುಪಾಗಿತ್ತು. ತುದಿಗೆ ಕಬ್ಬಿಣದ ಬಳೆ. ಮಕ್ಕಳು ಸರದಿಯಲ್ಲಿ ಎತ್ತಲು ನೋಡಿ, ಒಂದೇ ಸಲಕ್ಕೆ ಸೋತರು. ಇದನ್ನು ಬೀಸುತ್ತಾ ಅಷ್ಟು ಹೊತ್ತು ನಿಂತವಳ ತೋಳು ಎಂಥದ್ದೆಂಬುದು ಯಾವ ಹಾಡೂ ಹೇಳದ ರೀತಿಯಲ್ಲಿ ಅವರಿಗೆ ತಿಳಿಯಿತು. ಅಜ್ಜಿ ಒಯ್ಯಿರೆಂದೇ ಹೇಳಿದರು. ಆದರೆ ವಿಮಾನದ ಸಾಮಾನಿನ ಉದ್ದದ ಮಿತಿಗೆ ಅದು ಒಗ್ಗಲಿಲ್ಲ. ಟೇಪು ಹಿಡಿದು ಉದ್ದ, ಸುತ್ತಳತೆ, ನಡುವಿನ ಹಿಡಿಯ ಜಾಗ ಎಲ್ಲವನ್ನೂ ಬರೆದುಕೊಂಡು, ಫೋಟೋ ತೆಗೆದುಕೊಂಡು ಬಂದಿದ್ದೇವೆ. ವಾದಿ ಕಬೀರಿನ ಬಡಗಿ ಅಳತೆಯ ಚೀಟಿಯನ್ನು ನೋಡಿದ್ದಾರೆ. ಒಳ್ಳೆಯ ಗಟ್ಟಿ ಮರ ಬರಲಿ, ಈ ಸಲ ಹಗುರದ್ದು ಬೇಡ ಎಂದಿದ್ದಾರೆ.